ಪಳೆಯುಳಿಕೆಯನ್ನು ವಿನೆಗರ್‌ನಲ್ಲಿ ನೆನೆಸಬೇಡಿ: ಒಂದು ಸ್ಪಷ್ಟನೆ

ಕಲಬುರಗಿಯ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ. ಸ್ವಚ್ಛಗೊಳಿಸಲು ಶಾಲೆಯ ಪಳೆಯುಳಿಕೆಗಳನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ಹಳೆಯ ಸೂಕ್ಷ್ಮದರ್ಶಕದ ಮಸೂರಗಳನ್ನು ಟೂತ್‌ಪೇಸ್ಟ್‌ನಿಂದ ಉಜ್ಜಿ ಎನ್ನುತ್ತದೆ ಅದು. ಎರಡೂ ತಪ್ಪು.

ಶಂಖ, ಚಿಪ್ಪುಗಳ ಪಳೆಯುಳಿಕೆಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್‌ನಂತಹ ಆಮ್ಲ ತಾಗಿದರೆ ಅದು ನೊರೆಯುಕ್ಕಿ ಕರಗುತ್ತದೆ. ಕೊಳೆಗಿಂತ ಮೊದಲು ಚಿಪ್ಪಿನ ನವಿರು ಗೆರೆಗಳೇ ಅಳಿಯುತ್ತವೆ. ನಮ್ಮ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ನಿಂಬೆರಸ ಬಿದ್ದ ನೆಲದಲ್ಲಿ ಉಳಿಯುವ ಮಂಕು ಕಲೆಯನ್ನು ಇಲ್ಲಿ ನೋಡದವರು ಕಡಿಮೆ. ಪ್ರಯೋಗಾಲಯಗಳಲ್ಲಿ ಆಮ್ಲ ಬಳಸುವುದು ನಿಜ. ಆದರೆ ಅದು ಸುತ್ತಲಿನ ಸುಣ್ಣದ ಕಲ್ಲನ್ನು ಕರಗಿಸಿ, ಆಮ್ಲಕ್ಕೆ ಜಗ್ಗದ ಸಿಲಿಕಾ ಪಳೆಯುಳಿಕೆಗಳನ್ನೋ ಮೂಳೆಗಳನ್ನೋ ಬಿಡಿಸಲು, ಅದೂ ಆಮ್ಲವನ್ನು ತೀರಾ ತೆಳುವಾಗಿಸಿ, ಪರಿಣತರ ಕೈಯಲ್ಲಿ. ಮನೆಯಲ್ಲೋ ಶಾಲೆಯಲ್ಲೋ ಒಣ ಮೃದು ಕುಂಚ ಸಾಕು. ಮಾದರಿಯ ಜೊತೆಗಿರುವ ಗುರುತಿನ ಚೀಟಿಯನ್ನು ಮಾತ್ರ ಕಳೆಯಬೇಡಿ. ಎಲ್ಲಿ ಸಿಕ್ಕಿತೆಂಬ ಮಾಹಿತಿ ಇಲ್ಲದಿದ್ದರೆ ಮಾದರಿಯ ಅರ್ಧ ಬೆಲೆ ಹೋದಂತೆ.

ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಕಣಗಳಿರುತ್ತವೆ. ಗಾಜಿನ ಮೇಲೆ ಅವು ಮೂಡಿಸುವ ಗೀರು ಮತ್ತೆ ಹೋಗುವುದಿಲ್ಲ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ ಧೂಳು ಹಾರಿಸಿ. ಬಳಿಕ ಮಸೂರ ಒರೆಸುವ ಮೃದು ಕಾಗದಕ್ಕೆ ಒಂದು ಹನಿ ಭಟ್ಟಿ ಇಳಿಸಿದ ನೀರು ಹಾಕಿ ಹಗುರವಾಗಿ ಒರೆಸಿ. ಸ್ಪಿರಿಟ್ ಸುರಿಯಬೇಡಿ: ಹಳೆಯ ಮಸೂರಗಳನ್ನು ಅಂಟಿಸಿರುವುದು ಹೆಚ್ಚಾಗಿ ಕೆನಡಾ ಬಾಲ್ಸಂ ಎಂಬ ಮರದ ರಾಳದಿಂದ, ದ್ರಾವಕ ಒಳಸೇರಿದರೆ ಅದು ಸಡಿಲವಾಗುತ್ತದೆ.

ಪಳೆಯುಳಿಕೆಯನ್ನು ಈಗಾಗಲೇ ನೆನೆಸಿಟ್ಟಿದ್ದರೆ ಕೂಡಲೇ ತೆಗೆದು, ಶುದ್ಧ ನೀರನ್ನು ಹಲವು ಬಾರಿ ಬದಲಿಸಿ ತೊಳೆದು ನೆರಳಲ್ಲಿ ಒಣಗಿಸಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಬಂದಿರುವ ಗುಂಪಿನಲ್ಲಿ ಈ ಸ್ಪಷ್ಟನೆಯನ್ನು ಹಾಕಿ.