ರೈಲಿನೊಳಗಿನ ಮಿಂಚು

ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಸುಮಾರು 46 ಕಿಲೋಮೀಟರು. ಹನ್ನೊಂದು ವರ್ಷಗಳಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಓಡಾಡುತ್ತಿರುವ ಗುಮಾಸ್ತನಾದ ನನಗೆ, ಕುಂಬಳೆಯಲ್ಲಿ ಹತ್ತುವವರು ಯಾರು, ಉಪ್ಪಳ ಬರುವ ಮೊದಲೇ ಗೊರಕೆ ತೆಗೆಯುವವರು ಯಾರು ಎಂಬುದೆಲ್ಲ ಬಾಯಿಪಾಠವಾಗಿದೆ. ಹೊಸ ಮೊಬೈಲು ಕೈಗೆ ಬಂದ ವಾರದಲ್ಲಿ, ಈ ಮುಖಗಳ ಪಟವನ್ನು ಅವರಿಗೇ ತಿಳಿಯದಂತೆ ತೆಗೆಯಬೇಕೆಂಬ ಹುಳ ನನ್ನ ತಲೆಯನ್ನು ಹೊಕ್ಕಿತು. ಕೇಳಿ ತೆಗೆದರೆ ಆಗದೇ ಎಂದರೆ, ಆಗದು. ನಮ್ಮವರು ‘ಪಟ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮೊಣಕಾಲುಗಳ ಮೇಲೆ ಕೈಯಿಟ್ಟು, ಮದುವೆಯ ಗ್ರೂಪ್ ಫೋಟೋದ ಸೋದರಮಾವನಂತೆ ಸೆಟೆದು ಕೂರುತ್ತಾರೆ.

ಹುಳವನ್ನು ಬಿಟ್ಟವರು ಅಮೆರಿಕದ ಛಾಯಾಗ್ರಾಹಕ ವಾಕರ್ ಎವಾನ್ಸ್. 1938ರಿಂದ 1941ರವರೆಗೆ ಈ ಮಹಾಶಯರು 35 ಮಿ.ಮೀ. ಕಾಂಟಾಕ್ಸ್ ಕ್ಯಾಮರಾವನ್ನು ಕೋಟಿನೊಳಗೆ ಅಡಗಿಸಿ, ಗುಂಡಿಗಳ ನಡುವಿನಿಂದ ಅದರ ಕಣ್ಣನ್ನಷ್ಟೇ ಹೊರಗಿಣುಕಿಸಿ, ಕ್ಲಿಕ್ಕಿಸುವ ತಂತಿಯನ್ನು ತೋಳಿನೊಳಗಿಂದ ಅಂಗೈಗೆ ಇಳಿಸಿಕೊಂಡು, ನ್ಯೂಯಾರ್ಕಿನ ಸುರಂಗ ರೈಲುಗಳಲ್ಲಿ ಎದುರು ಕುಳಿತವರ ಪಟಗಳನ್ನು ತೆಗೆದರು. ಅವು ಪುಸ್ತಕವಾಗಿ ಹೊರಬಂದದ್ದು 1966ರಲ್ಲಿ. ಇಷ್ಟು ವರ್ಷ ಏಕೆ ಕಾದರು ಎಂದು ಆಗ ನಾನು ಯೋಚಿಸಲಿಲ್ಲ. ಕೋಟಿಲ್ಲದ ನನಗೆ ಅಂಗಿಯ ಕಿಸೆಯಿತ್ತು, ತಂತಿಯ ಬದಲಿಗೆ ಇಯರ್‌ಫೋನಿನ ವಯರಿತ್ತು. ಕ್ಯಾಮರಾ ತೆರೆದಿರುವಾಗ ಇಯರ್‌ಫೋನಿನಲ್ಲಿರುವ ಧ್ವನಿ ಹೆಚ್ಚಿಸುವ ಗುಂಡಿಯನ್ನು ಒತ್ತಿದರೆ ನನ್ನ ಮೊಬೈಲಿನಲ್ಲಿ ಪಟ ಬೀಳುತ್ತದೆ. ವಯರನ್ನು ಅಂಗಿಯೊಳಗಿಂದ ಕಂಕುಳ ದಾರಿಯಾಗಿ ತೋಳಿಗಿಳಿಸಿ ಕನ್ನಡಿಯ ಮುಂದೆ ನಿಂತಾಗ, ಬಿ.ಪಿ. ನೋಡಿಸಿಕೊಳ್ಳಲು ಹೊರಟವನಂತೆ ಕಾಣುತ್ತೀರಿ ಎಂದು ಮನೆಯವಳು ಹೇಳಿದಳು.

ಆಟಿ ತಿಂಗಳ ಮಳೆ. ಬೋಗಿಯ ಶಟರುಗಳನ್ನೆಲ್ಲ ಇಳಿಸಿದ್ದರಿಂದ ಒಳಗೆ ಮಬ್ಬುಗತ್ತಲೆ ಕವಿದಿತ್ತು. ಎದುರಿನ ಸೀಟಿನಲ್ಲಿ ಅಡಿಕೆ ತೋಟದ ಅಜ್ಜರೊಬ್ಬರು ಕೊಡೆಯ ಹಿಡಿಯ ಮೇಲೆ ಗಲ್ಲವನ್ನೂರಿ, ಬಾಯ್ದೆರೆದು ನಿದ್ರಿಸುತ್ತಿದ್ದರು. ಕೊಡೆಯ ತುದಿಯಿಂದ ಇಳಿದ ನೀರು ಅವರ ಚಪ್ಪಲಿಯ ಸುತ್ತ ಸಣ್ಣದೊಂದು ಕೆರೆಯಾಗಿತ್ತು. ಇಂಥ ಪಟ ಎವಾನ್ಸರಿಗೂ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡು ಗುಂಡಿಯನ್ನೊತ್ತಿದೆ.

ಕತ್ತಲೆಯಿದ್ದಲ್ಲಿ ಮೊಬೈಲು ತಾನಾಗಿಯೇ ಫ್ಲ್ಯಾಶ್ ಹಚ್ಚಿಕೊಳ್ಳುತ್ತದೆಂಬುದು ನನಗೆ ತಿಳಿಯದ ವಿಷಯವೇನಲ್ಲ. ಆ ಕ್ಷಣಕ್ಕೆ ನೆನಪಿರಲಿಲ್ಲ, ಅಷ್ಟೆ. ನನ್ನ ಎದೆಯಿಂದ ಹೊರಟ ಬೆಳಕಿಗೆ ಅಜ್ಜರು ಬೆಚ್ಚಿಬಿದ್ದು, ಕಣ್ಣು ತೆರೆಯುವ ಮೊದಲೇ ‘ಅರ್ಜುನಃ ಫಲ್ಗುಣಃ ಪಾರ್ಥಃ’ ಎಂದು ಶುರುಮಾಡಿದರು. ಗಾಬರಿಯಲ್ಲಿ ನನ್ನ ಬೆರಳು ಗುಂಡಿಯನ್ನು ಬಿಡುವ ಬದಲು ಮತ್ತೆ ಮತ್ತೆ ಒತ್ತಿತು. ಸಿಡಿಲಿನ ಭಯಕ್ಕೆ ಹೇಳುವ ಅರ್ಜುನನ ಹತ್ತು ಹೆಸರುಗಳಲ್ಲಿ ಕೊನೆಯದಾದ ‘ಧನಂಜಯಃ’ವನ್ನು ಅವರು ಮುಟ್ಟುವಷ್ಟರಲ್ಲಿ ನಾನು ನಾಲ್ಕು ಸಲ ಮಿಂಚಿದ್ದೆ.

“ಅಜ್ಜಾ, ಅದು ಗುಡುಗಿಲ್ಲದ ಮಿಂಚು. ಮಾಷ್ಟ್ರ ಕಿಸೆಯಲ್ಲಿ ಉಂಟು,” ಎಂದು ಬಾಗಿಲ ಬಳಿ ನಿಂತಿದ್ದವನೊಬ್ಬ ಹೇಳಿದ. ನಾನು ಮಾಷ್ಟ್ರಲ್ಲ; ಆದರೆ ನಮ್ಮ ಕಡೆ ಕನ್ನಡಕವೂ ಹೆಗಲ ಚೀಲವೂ ಇದ್ದವನು ಬೇರೇನೂ ಆಗಿರಲು ಸಾಧ್ಯವಿಲ್ಲ.

ಅಜ್ಜರ ಪಕ್ಕದಲ್ಲಿದ್ದ ನರ್ಸಿಂಗ್ ವಿದ್ಯಾರ್ಥಿನಿ ನಗಲಿಲ್ಲ. “ಅಂಕಲ್, ಅದನ್ನು ಇತ್ತ ಕೊಡಿ,” ಎಂದು ಕೈ ಚಾಚಿದಳು. ನಾನು ಮೊಬೈಲನ್ನು ಕೊಟ್ಟೆ; ಅವಳ ಕಡೆ ನ್ಯಾಯವಿತ್ತು. ಅವಳು ಎಲ್ಲರಿಗೂ ಕಾಣುವಂತೆ ಪಟಗಳನ್ನು ಒಂದೊಂದಾಗಿ ಸರಿಸಿದಳು: ಅಜ್ಜರ ಅರ್ಧ ಕಿವಿ, ಕೊಡೆ, ಫ್ಯಾನು, ಕೊನೆಯದರಲ್ಲಿ ಅವಳ ಮೊಣಕೈ. ಮೊಣಕೈಯನ್ನು ಅಳಿಸಿದಳು. ಅಲ್ಲಿಗೆ ಮುಗಿಯಿತೆಂದುಕೊಂಡರೆ, ಅಳಿಸಿದ್ದು ಇನ್ನೂ ಮೂವತ್ತು ದಿನ ಕಸದ ಬುಟ್ಟಿಯಲ್ಲಿ ಬಿದ್ದಿರುತ್ತದೆಂದು ವಿವರಿಸಿ, ಬುಟ್ಟಿಯನ್ನೂ ಖಾಲಿ ಮಾಡಿಯೇ ಹಿಂದಿರುಗಿಸಿದಳು. ಎವಾನ್ಸರು ಇಪ್ಪತ್ತೈದು ವರ್ಷ ಕಾದುದಕ್ಕೆ ಒಂದು ಕಾರಣವಾದರೂ ನನಗೆ ಆಗ ಹೊಳೆಯಿತು.

ಅಜ್ಜರ ತಕರಾರು ಬೇರೆಯೇ ಆಗಿತ್ತು. “ಮಾಷ್ಟ್ರೇ, ಪಟ ತೆಗೆಯುವುದಿದ್ದರೆ ಮೊದಲು ಹೇಳಬಾರದಿತ್ತೇ? ಕಿವಿ ಮಾತ್ರ ಬಂದರೆ ನಾನೆಂದು ಯಾರಿಗೆ ಗೊತ್ತಾಗುತ್ತದೆ?” ಎಂದವರೇ ಶಲ್ಯವನ್ನು ಸರಿಪಡಿಸಿ, ಕಿಸೆಯ ಬಾಚಣಿಗೆಯಿಂದ ಇದ್ದಷ್ಟು ಕೂದಲನ್ನು ಬಾಚಿ, ಮೊಣಕಾಲುಗಳ ಮೇಲೆ ಕೈಯಿಟ್ಟು ಸೆಟೆದು ಕುಳಿತರು. ಆ ಪಟವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಮರುವಾರ ತಂದುಕೊಟ್ಟೆ. ಕೈಯಳತೆಯ ದೂರದಲ್ಲಿಟ್ಟು ನೋಡಿ, “ಅಡ್ಡಿಯಿಲ್ಲ,” ಎಂದು ಪಂಚಾಂಗದ ನಡುವೆ ಇಟ್ಟುಕೊಂಡರು.

ಇಯರ್‌ಫೋನು ಈಗ ಮನೆಯಲ್ಲೇ ಇದೆ. ಆದರೂ, ಮಂಜೇಶ್ವರ ದಾಟಿತೇ, ಗಂಟೆ ಎಷ್ಟಾಯಿತು ಎಂದು ನೋಡಲು ನಾನು ಕಿಸೆಗೆ ಕೈ ಹಾಕಿದರೆ ಸಾಕು, ಬೋಗಿಯ ಯಾವುದೋ ಮೂಲೆಯಿಂದ ‘ಅರ್ಜುನಃ ಫಲ್ಗುಣಃ’ ಎಂದು ಒಬ್ಬರು ಆರಂಭಿಸುತ್ತಾರೆ, ಉಳಿದವರು ಮುಂದುವರಿಸುತ್ತಾರೆ.