ನೇಪಲ್ಸ್ ನೋಡಿ, ಐದೂವರೆಗೆ ಬನ್ನಿ

ಕ್ರೂಸ್ ಹಡಗಿನಲ್ಲಿ ಹಿಂದಿನ ರಾತ್ರಿಯೇ ರೂಮಿಗೆ ಒಂದು ಹಾಳೆ ಬರುತ್ತದೆ. ನಾಳೆ ಯಾವ ಊರು, ಎಷ್ಟು ಗಂಟೆಗೆ ಇಳಿಯಬಹುದು, ಬಿಸಿಲೋ ಮಳೆಯೋ, ರಾತ್ರಿ ಊಟಕ್ಕೆ ಯಾವ ಬಟ್ಟೆ. ಇದೆಲ್ಲ ಸಣ್ಣ ಅಕ್ಷರ. ದಪ್ಪ ಅಕ್ಷರದಲ್ಲಿ ಇರುವುದು ಒಂದೇ, ಎಲ್ಲರೂ ಹಡಗಿಗೆ ವಾಪಸ್ ಬರಬೇಕಾದ ಸಮಯ. ನೇಪಲ್ಸ್ ದಿನ ಅದು ಸಂಜೆ 5.30 ಎಂದಿತ್ತು. ಹಡಗಿನವರೇ ಮಾರುವ ಟೂರಿನಲ್ಲಿ ಹೋದರೆ, ಬಸ್ಸು ತಡವಾದರೂ ಹಡಗು ಕಾಯುತ್ತದೆ. ಸ್ವಂತವಾಗಿ ಸುತ್ತಲು ಹೋದವರಿಗೆ ಟಾಟಾ. ಮುಂದಿನ ಬಂದರಿಗೆ ಅವರೇ ದುಡ್ಡು ಹಾಕಿಕೊಂಡು ಬಂದು ಸೇರಿಕೊಳ್ಳಬೇಕು.

ನಾವು ಸ್ವಂತವಾಗಿ ಸುತ್ತುವವರು. ನಾವು ಅಂದರೆ ನಾನು, ನಮ್ಮನೆಯವರು, ಅತ್ತೆ, ಮಾವ. ಹಡಗಿನ ಟೂರಿನ ರೇಟು ನೋಡಿದ ಮಾವ, "ಇಷ್ಟು ದುಡ್ಡಲ್ಲಿ ಹೊರನಾಡು, ಶೃಂಗೇರಿ, ಧರ್ಮಸ್ಥಳ ಎಲ್ಲ ಮುಗಿಸಿ ಬರಬಹುದು, ಪ್ರಸಾದ ಸಮೇತ" ಎಂದರು. ಆ ಮಾತು ಅಲ್ಲಿಗೆ ಮುಗಿಯಿತು.

ನಮ್ಮನೆಯವರು ಬೆಂಗಳೂರಿನಿಂದಲೇ ಎಕ್ಸೆಲ್ ಶೀಟ್ ಮಾಡಿಕೊಂಡು ಬಂದಿದ್ದರು. ಒಂದೊಂದು ಸಾಲಿಗೂ ಒಂದೊಂದು ಬಣ್ಣ. ಬೆಳಿಗ್ಗೆ ಪಾಂಪೇ, ಮಧ್ಯಾಹ್ನ ಪಿಜ್ಜಾ, ಆಮೇಲೆ ಚಾಪೆಲ್, ಟೈಮ್ ಉಳಿದರೆ ಕಾಪ್ರಿ. ಕಾಪ್ರಿ ಎಂದರೆ ದ್ವೀಪ. ಅದಕ್ಕೆ ಇನ್ನೊಂದು ದೋಣಿ ಹತ್ತಬೇಕು!

ಡೆಕ್ಕಿನಲ್ಲಿ ತಿಂಡಿ ತಿನ್ನುವಾಗಲೇ ಶೀಟು ಕರಗತೊಡಗಿತು. ಎದುರಿಗೇ ವೆಸೂವಿಯಸ್. 1281 ಮೀಟರ್ ಎತ್ತರ, ಕ್ರಿ.ಶ. 79ರಲ್ಲಿ ಪಾಂಪೇ ಊರನ್ನು ಬೂದಿಯಲ್ಲಿ ಹೂತಿದ್ದು ಇದೇ ಬೆಟ್ಟ ಎಂದು ನಮ್ಮನೆಯವರು ಶುರು ಮಾಡಿದರು.

"ಕೊನೇ ಸಲ ಯಾವಾಗ ಉಕ್ಕಿದ್ದು?" ಅತ್ತೆ ಕೇಳಿದರು.

"1944ರಲ್ಲಿ ಅಮ್ಮಾ. ಆಮೇಲೆ ಸುಮ್ನಿದೆ."

"ಅದು ನಮ್ಮಣ್ಣ ಹುಟ್ಟಿದ ವರ್ಷ. ಅವನಿಗೇ ಇನ್ನೂ ಕೋಪ ಇಳಿದಿಲ್ಲ, ಇದಕ್ಕೆ ಇಳಿದಿರುತ್ತಾ?"

ಮಾವನ ಪ್ರಶ್ನೆ ಬೇರೆ. "ಪಾಂಪೇಗೆ ರೈಲು ಅಂದ್ಯಲ್ಲ, ಅದರಲ್ಲಿ ಟಾಯ್ಲೆಟ್ ಇರುತ್ತಾ?" ಬಿಪಿಗೆ ಅವರು ಬೆಳಿಗ್ಗೆ ನುಂಗುವ ಮಾತ್ರೆ ಮಧ್ಯಾಹ್ನದವರೆಗೂ ಕೆಲಸ ಮಾಡುತ್ತದೆ. ಅರ್ಧ ಗಂಟೆಗೊಮ್ಮೆ ಜಾಗ ಹುಡುಕಬೇಕು. ಅಷ್ಟು ದೊಡ್ಡ ಎಕ್ಸೆಲ್ ಶೀಟಿನಲ್ಲಿ ಆ ಕಾಲಂ ಇರಲಿಲ್ಲ. ಪಾಂಪೇ ಡಿಲೀಟ್ ಆಯಿತು. ಕಾಪ್ರಿಯೂ ಅದರ ಹಿಂದೆಯೇ ಹೋಯಿತು.

ನೇಪಲ್ಸ್‌ನಲ್ಲಿ ಒಂದು ಅನುಕೂಲ, ಹಡಗು ಊರಿನ ಬಾಗಿಲಿಗೇ ಬಂದು ನಿಲ್ಲುತ್ತದೆ. ಬಂದರಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ದಪ್ಪ ಬುರುಜುಗಳ ಕಾಸ್ತೆಲ್ ನುವೊವೊ ಕೋಟೆ. ಮಧ್ಯೆ ಒಂದು ರಸ್ತೆ, ಅಷ್ಟೇ. ಆದರೆ ಆ ರಸ್ತೆ ಇದೆಯಲ್ಲ! "ನೇಪಲ್ಸ್ ನೋಡಿ ಆಮೇಲೆ ಸಾಯಿ" ಎಂದು ಇಟಲಿಯವರು ಹೇಳುತ್ತಾರಂತೆ. ನೋಡುವುದಕ್ಕೂ ಮೊದಲೇ ಆ ವ್ಯವಸ್ಥೆ ಇಟ್ಟಿದ್ದಾರೆ. ಸ್ಕೂಟರುಗಳು ನಿಲ್ಲುವುದಿಲ್ಲ, ನಿಮ್ಮನ್ನು ಬಳಸಿಕೊಂಡು ಹೋಗುತ್ತವೆ. ಜೀಬ್ರಾ ಪಟ್ಟೆಯ ಈಚೆ ನಮ್ಮ ಹಡಗಿನದೇ ಒಂದಷ್ಟು ಜರ್ಮನ್ ಪ್ರವಾಸಿಗರು ಯಾವಾಗಿನಿಂದಲೋ ನಿಂತಿದ್ದರು. ಅತ್ತೆ ಒಂದು ಕ್ಷಣ ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು, ಬಲಗೈ ಅಡ್ಡ ಚಾಚಿ ಇಳಿದೇಬಿಟ್ಟರು. ರಾಜಾಜಿನಗರದಲ್ಲಿ ದಿನಾ ಹಾಲಿಗೆ ಹೋಗುವ ನಡಿಗೆ. ಸ್ಕೂಟರುಗಳು ಎರಡು ಪಾಲಾಗಿ ದಾರಿ ಬಿಟ್ಟವು. ಜರ್ಮನಿ ಇಡೀ ಅತ್ತೆಯ ಹಿಂದೆ ದಾಟಿತು.

ಆ ಕಡೆ ಹೋಗುತ್ತಿದ್ದ ಹಾಗೆ ಮಾವನ ಮುಖ ನೋಡಿದರೆ ಗೊತ್ತಾಯಿತು. ಮಾತ್ರೆ ಕೆಲಸ ಶುರು ಮಾಡಿತ್ತು.

ಇಟಲಿಯಲ್ಲಿ ಟಾಯ್ಲೆಟ್ ಬೇಕಾದರೆ ಬಾರಿಗೆ ಹೋಗಬೇಕು. "ಬೆಳಗಾಗೆದ್ದು ಬಾರಾ?" ಎಂದು ಅತ್ತೆ ಹೊರಗೇ ನಿಂತರು. ಅಲ್ಲಿ ಬಾರ್ ಅಂದರೆ ಕಾಫಿ ಅಂಗಡಿ ಎಂದು ನಂಬಿಸಿ ಒಳಗೆ ಕರೆತರಬೇಕಾಯಿತು. ಸುಮ್ನೆ ಹೋಗಿ ಟಾಯ್ಲೆಟ್ ಕೇಳಿದರೆ ಚೆನ್ನಾಗಿರುವುದಿಲ್ಲ, ಕಾಫಿ ತಗೋಬೇಕು. ಕಾಫಿ ಕುಡಿದರೆ ಅರ್ಧ ಗಂಟೆಗೆ ಮತ್ತೆ ಟಾಯ್ಲೆಟ್. ಅದಕ್ಕೆ ಇನ್ನೊಂದು ಕಾಫಿ. ಈ ವ್ಯಾಪಾರ ಕಂಡುಹಿಡಿದವನು ಭಾರಿ ಬುದ್ಧಿವಂತ.

ಮೊದಲು ಕ್ಯಾಷ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತಗೋಬೇಕು. ಅದನ್ನು ಕಾಫಿ ಮಾಡುವವನಿಗೆ ಕೊಡಬೇಕು. ನಮ್ಮ ದರ್ಶಿನಿ ಪದ್ಧತಿಯೇ, ಕುಡಿಯುವುದೂ ನಿಂತುಕೊಂಡೇ. ಕೂತರೆ ರೇಟು ಜಾಸ್ತಿ. ಮೊದಲು ಒಂದು ಸಣ್ಣ ಲೋಟ ನೀರು ಬಂತು, ಹಿಂದೆಯೇ ಕಾಫಿ. ಮಾವ ಕಪ್ಪಿನೊಳಗೆ ಇಣುಕಿದರು. ಇದನ್ನು ಬೈ ಟು ಮಾಡಿದರೆ ಒಬ್ಬರಿಗೆ ಬಣ್ಣ, ಇನ್ನೊಬ್ಬರಿಗೆ ವಾಸನೆ. ಒಂದು ಗುಟುಕು ಕುಡಿದು ಕಣ್ಣು ಅರಳಿಸಿ, "ಡಿಕಾಕ್ಷನ್ ಸ್ಟ್ರಾಂಗ್ ಇದೆ" ಎಂದು ಸರ್ಟಿಫಿಕೇಟ್ ಕೊಟ್ಟು ಟಾಯ್ಲೆಟ್ ಕೀಲಿ ಇಸಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು. "ಲೋ, ನಲ್ಲಿ ತಿರುಗಿಸೋದು ಎಲ್ಲೋ?"

ನಲ್ಲಿಗೆ ತಿರುಪು ಇಲ್ಲ. ಕೈ ಒಡ್ಡಿದರೆ ತಾನಾಗಿ ನೀರು ಬರುವ ಜಾತಿಯದೂ ಅಲ್ಲ. ಮಾವ ನಲ್ಲಿಯ ಮೇಲೆ, ಕೆಳಗೆ, ಪಕ್ಕಕ್ಕೆ ಕೈಯಾಡಿಸಿ, ಕೊನೆಗೆ ಕನ್ನಡಿಗೂ ಕೈ ತೋರಿಸಿದ್ದಾರೆ. ನಮ್ಮನೆಯವರು ಕೈಸನ್ನೆಯಲ್ಲಿ ಕೌಂಟರಿನ ಹುಡುಗನನ್ನು ಕೇಳಿದರು. ಅವನು ಬಲಗಾಲು ಎತ್ತಿ ನೆಲಕ್ಕೆ ಎರಡು ಸಲ ಬಡಿದ. ನೆಲದ ಹತ್ತಿರ ಪೆಡಲ್ ಇರುತ್ತದಂತೆ. "ಅಪ್ಪಾ, ಕಾಲಲ್ಲಿ ಒತ್ತಿ!" ಎಂದು ಇವರು ಕೂಗಿದರು. ನೀರಿನ ಸದ್ದು ಬಂತು. ನಾವು ಉಸಿರು ಬಿಟ್ಟೆವು. ಅಷ್ಟರಲ್ಲಿ ಬಾಗಿಲ ಸಂದಿಯ ಬೆಳಕು ಆರಿತು.

"ಕರೆಂಟ್ ಹೋಯ್ತು ಕಣೋ!"

ಮಾವ ವಿದ್ಯುತ್ ಇಲಾಖೆಯಿಂದ ರಿಟೈರ್ ಆದವರು, ಮೊದಲು ಹೊಳೆಯುವುದೇ ಅದು. ಆದರೆ ಅಲ್ಲಿನ ಲೈಟಿಗೆ ಟೈಮರ್ ಇತ್ತು. ಇಷ್ಟು ನಿಮಿಷದಲ್ಲಿ ಕೆಲಸ ಮುಗಿಸಬೇಕು ಎಂದು ಅದರ ಲೆಕ್ಕ. ಕತ್ತಲಲ್ಲಿ ಸ್ವಿಚ್ಚಿಗೆ ಗೋಡೆ ತಡವುವಾಗ ಮಾವನ ಕೈಗೆ ಒಂದು ದಾರ ಸಿಕ್ಕಿದೆ. ಹಳೇ ಕಾಲದ ಲೈಟಿನ ದಾರವೋ, ಫ್ಲಶ್ಶೋ, ಏನಾದರೂ ಆಗಲಿ ಎಂದು ಜೋರಾಗಿ ಎಳೆದಿದ್ದಾರೆ.

ಒಳಗೆ ಯಾರಾದರೂ ಬಿದ್ದರೆ ಸಹಾಯಕ್ಕೆ ಎಳೆಯುವ ದಾರ ಅದು. ಅಂಗಡಿ ತುಂಬಾ ಅಲಾರಂ. ಕಾಫಿ ಮಾಡುತ್ತಿದ್ದ ಹುಡುಗ ಕೌಂಟರ್ ಹಾರಿ ಬಂದ. ಕ್ಯಾಷಿನಲ್ಲಿದ್ದ ಹೆಂಗಸು ಚೀಟಿ ಬಿಸಾಕಿ ಓಡಿ ಬಂದಳು. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಅಜ್ಜ ಕೂಡ ಎದ್ದ. ಅತ್ತೆ "ರಾಯರೇ" ಎಂದು ಎದೆ ಹಿಡಿದುಕೊಂಡರು. ಬಾಗಿಲು ತೆರೆಯಿತು. ಒದ್ದೆ ಕೈಗಳನ್ನು ಮುಂದೆ ಹಿಡಿದು ಮಾವ ನಿಂತಿದ್ದರು. ಎದುರಿಗೆ ಅಷ್ಟು ಜನ ಕಂಡಿದ್ದೇ ಆ ಕೈಗಳನ್ನು ಜೋಡಿಸಿ, "ನಮಸ್ಕಾರ" ಎಂದರು.

ಅಲ್ಲಿಂದ ಹೊರಡುವಾಗ ದೊಡ್ಡ ಸ್ನೇಹವಾಗಿತ್ತು. ನೇಪಲ್ಸ್‌ನಲ್ಲಿ ಒಂದು ಹಳೇ ಪದ್ಧತಿ ಇದೆ. ಒಂದು ಕಾಫಿ ಕುಡಿದು ಎರಡರ ದುಡ್ಡು ಕೊಟ್ಟು ಹೋಗುವುದು. ಆ ಇನ್ನೊಂದು ಕಾಫಿ ಮುಂದೆ ಕೈಯಲ್ಲಿ ಕಾಸಿಲ್ಲದೆ ಬರುವ ಯಾರಿಗೋ. ಮಗ ಇದನ್ನು ಹೇಳಿದಾಗ ಮಾವ ಕೂಡಲೇ ಜೇಬಿಗೆ ಕೈ ಹಾಕಿದರು. "ಕೊಡು, ಕೊಡು. ಯಾರೋ ನನ್ನ ಥರದವನೇ ಬರಬಹುದು, ಪಾಪ. ಕಾಫಿ ಜೊತೆ ಆ ಕೀಲಿನೂ ಸೇರಿಕೊಂಡಿರುತ್ತಾ ಕೇಳು."

ಗಲೇರಿಯಾ ಉಂಬೆರ್ತೊ ಎಂಬ ಗಾಜಿನ ಗುಮ್ಮಟದ ಮಾರ್ಕೆಟ್ಟು ಅಲ್ಲೇ ಹತ್ತಿರ. ಶೀಟಿನಲ್ಲಿ ಅದಕ್ಕೆ ಹತ್ತು ನಿಮಿಷ ಇತ್ತು. ಗುಮ್ಮಟದ ಕೆಳಗೆ ನೆಲದಲ್ಲಿ ಹನ್ನೆರಡು ರಾಶಿಗಳ ಮೊಸಾಯಿಕ್ ಚಿತ್ರಗಳಿವೆ. ಅತ್ತೆಯ ಕಣ್ಣಿಗೆ ಗುಮ್ಮಟ ಬೀಳಲೇ ಇಲ್ಲ. ಎಲ್ಲರನ್ನೂ ಅವರವರ ರಾಶಿಯ ಮೇಲೆ ನಿಲ್ಲಿಸಿ ಫೋಟೋ ತೆಗೆಸಿದರು. ಊರಿನಲ್ಲಿರುವ ಮಗಳು, ಅಳಿಯ, ಮೊಮ್ಮಕ್ಕಳ ರಾಶಿಗಳ ಮೇಲೂ ನನ್ನನ್ನೇ ನಿಲ್ಲಿಸಿದರು. ವೃಶ್ಚಿಕದ ಹತ್ತಿರ ಕೊರಿಯಾದ ಹುಡುಗಿಯೊಬ್ಬಳು ಸೆಲ್ಫಿಗೆ ನಿಂತಿದ್ದಳು. ಅವಳ ನಕ್ಷತ್ರ ವಿಚಾರಿಸುವುದು ಒಂದು ಬಾಕಿ.

ಚಾಪೆಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಾನ್‌ಸೆವೆರೊ ಚಾಪೆಲ್ಲಿನಲ್ಲಿ ಜುಸೆಪ್ಪೆ ಸಾನ್‌ಮಾರ್ತಿನೊ 1753ರಲ್ಲಿ ಕೆತ್ತಿದ ಕ್ರಿಸ್ತನ ವಿಗ್ರಹ ಇದೆ. ಮಲಗಿರುವ ಕ್ರಿಸ್ತನ ಮೇಲೆ ತೆಳು ಬಟ್ಟೆ ಹೊದಿಸಿದ ಹಾಗೆ ಕಾಣುತ್ತದೆ. ಬಟ್ಟೆಯೂ ಅದೇ ಅಮೃತಶಿಲೆ. ಇದನ್ನು ನೋಡಲೆಂದೇ ಇವರು ಇಷ್ಟು ದೂರ ಬಂದಿದ್ದರು. ಚಾಪೆಲ್ಲಿಗೆ ಮಂಗಳವಾರ ರಜ. ಅವತ್ತು ಮಂಗಳವಾರ. ಶೀಟಿನಲ್ಲಿ ವಾರದ ಕಾಲಂ ಕೂಡ ಇರಲಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ನಮ್ಮನೆಯವರು ನಿಂತ ಭಂಗಿಯನ್ನೂ ಯಾರಾದರೂ ಕೆತ್ತಬಹುದಿತ್ತು.

ಅಲ್ಲಿಂದ ಸ್ಪಾಕ್ಕಾನಾಪೊಲಿ ಬೀದಿ. ಹಳೇ ಊರನ್ನು ಚಾಕುವಿನಲ್ಲಿ ಸೀಳಿದಷ್ಟು ನೇರ. ನೆಲಕ್ಕೆ ಕಪ್ಪು ಲಾವಾ ಕಲ್ಲು. "ಬೆಟ್ಟ ಉಗುಳಿದ್ದನ್ನೇ ಹಾಸಿಕೊಂಡು ಬದುಕಿದ್ದಾರಲ್ಲ, ಗಟ್ಟಿ ಜನ" ಎಂದು ಅತ್ತೆ ಚಪ್ಪಲಿಯಲ್ಲಿ ಒತ್ತಿ ನೋಡಿದರು. ನೈಲ್ ದೇವರ ಹಳೇ ವಿಗ್ರಹದ ಎದುರು, ಗೋಡೆಯ ಮೇಲೆ ಒಂದು ಪುಟ್ಟ ಗೂಡು. ಫೋಟೋ, ದೀಪ, ಹೂವು. ಅತ್ತೆ ಚಪ್ಪಲಿ ಬಿಟ್ಟು ಕೈ ಮುಗಿದರು. ಯಾವ ಸಂತರು ಎಂದು ಕೇಳಿದರು. ಮರಡೋನಾ. 1984ರಿಂದ 1991ರವರೆಗೆ ಈ ಊರಿನ ತಂಡಕ್ಕೆ ಆಡಿ ಎರಡು ಸಲ ಲೀಗ್ ಗೆಲ್ಲಿಸಿದವನು. ಅವನದೇ ಎನ್ನುವ ಒಂದು ಕೂದಲನ್ನೂ ಒಳಗೆ ಇಟ್ಟಿದ್ದಾರೆ. ನಾನು ವಿವರಿಸಿದೆ. ಅತ್ತೆ ಇನ್ನೊಂದು ಸಲ ಕೈ ಮುಗಿದು, "ಇರಲಿ ಬಿಡೇ. ಇಷ್ಟು ಜನ ಹೂವು ಇಟ್ಟಿದ್ದಾರೆ" ಎಂದರು.

ಪಿಜ್ಜಾ ಒಲೆಯಲ್ಲಿ ಬೇಯುವುದು ಒಂದೂವರೆ ನಿಮಿಷ. ಅದಕ್ಕೆ ಕ್ಯೂನಲ್ಲಿ ನಿಂತಿದ್ದು ಒಂದು ಗಂಟೆಗೂ ಜಾಸ್ತಿ. ಆ ಹೊತ್ತಿನಲ್ಲಿ ಮಾವ ಪಕ್ಕದ ಬಾರಿನಲ್ಲಿ ಇನ್ನೊಂದು ಕಾಫಿ ಕುಡಿದು ಬಂದರು. ಈ ಸಲ ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದೇ ಹೋಗಿದ್ದರು. ಮರಿನಾರಾ ಎಂಬ ಪಿಜ್ಜಾದಲ್ಲಿ ಚೀಸ್ ಇಲ್ಲ, ಆದರೆ ಬೆಳ್ಳುಳ್ಳಿ ಇದೆ. ಅತ್ತೆ ಬೆಳ್ಳುಳ್ಳಿ ತಿನ್ನುವುದಿಲ್ಲ. ಹಾಗಾಗಿ ಮಾರ್ಗರಿಟಾ. 1889ರಲ್ಲಿ ಇಟಲಿಯ ರಾಣಿ ಮಾರ್ಗರಿಟಾ ಬಂದಾಗ ಟೊಮೆಟೊ ಕೆಂಪು, ಚೀಸ್ ಬಿಳಿ, ಎಲೆ ಹಸಿರು ಹಾಕಿ ಬಾವುಟದ ಬಣ್ಣದಲ್ಲಿ ಮಾಡಿಕೊಟ್ಟರು ಎಂಬ ಕಥೆ ಇದೆ. ಅತ್ತೆ ಆ ಹಸಿರು ಎಲೆಯನ್ನು ಎತ್ತಿ, ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದರು. "ಕಾಮಕಸ್ತೂರಿ ಕಣೇ! ಬೀಜ ನೆನೆಸಿ ಪಾನಕಕ್ಕೆ ಹಾಕ್ತೀವಲ್ಲ, ಅದೇ ಗಿಡ!"

ದೂರದಿಂದ ನೋಡುತ್ತಿದ್ದ ಮಾಣಿಗೆ ಎಲೆ ಸಾಲಲಿಲ್ಲವೇನೋ ಅನ್ನಿಸಿರಬೇಕು. ಒಳಗೆ ಹೋಗಿ ಒಂದು ಹಿಡಿ ಕಾಮಕಸ್ತೂರಿ ತಂದು ಅತ್ತೆಯ ಮುಂದೆ ಇಟ್ಟ. ಅತ್ತೆ ಖುಷಿಯಾಗಿ ಅದರಲ್ಲಿ ಒಳ್ಳೇ ಕುಡಿ ಆರಿಸಿ, ಹೇರ್‌ಪಿನ್ ತೆಗೆದು, ಮುಡಿದುಕೊಂಡರು. ಮಾಣಿ ಹೋಗಿ ಒಲೆಯವನನ್ನೂ ಕರೆದುಕೊಂಡು ಬಂದು ತೋರಿಸಿದ.

ಊಟ ಆದ ಮೇಲೆ ಒಂದು ಪಾತ್ರೆ ಅಂಗಡಿಯ ಗಾಜಿನ ಮುಂದೆ ಮಾವ ನಿಂತುಬಿಟ್ಟರು. ಒಳಗೆ ಅಲ್ಯೂಮಿನಿಯಂ ಪಾತ್ರೆ. ಮೇಲೊಂದು ಭಾಗ, ಕೆಳಗೊಂದು ಭಾಗ, ಮಧ್ಯೆ ತೂತಿನ ಬಿಲ್ಲೆ. ನೀರು ಕುದಿಸಿ ತಲೆಕೆಳಗು ಮಾಡಿದರೆ ಪುಡಿಯ ಮೂಲಕ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ನೇಪಲ್ಸ್‌ನವರ ಹಳೇ ಕುಕ್ಕುಮೆಲ್ಲ. "ನಮ್ಮ ಫಿಲ್ಟರ್! ಇದಕ್ಕೆ ಬರೀ ಪಲ್ಟಿ ಜಾಸ್ತಿ" ಎಂದು ಮಾವ ಕೊಂಡೇಬಿಟ್ಟರು. ನಮ್ಮನೆಯವರು ಬಿಲ್ ಕೊಡಲು ನಿಂತರು, ನಾನು ಪ್ಯಾಕಿಂಗ್ ನೋಡುತ್ತಿದ್ದೆ. ಮಾವ ಹೊರಗೆ ಬಂದು ತಮ್ಮ ಎಚ್‌ಎಂಟಿ ವಾಚು ನೋಡಿಕೊಂಡರು.

"ಐದೂ ಇಪ್ಪತ್ತು!"

ನಾವು ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ಇಲ್ಲ. ಬೀದಿಯ ಆ ತುದಿಯಲ್ಲಿ ಅತ್ತೆಯ ಸೀರೆ ಮಾತ್ರ ಕಂಡಿತು. ಮಾತ್ರೆಯ ಟೈಮ್ ತಪ್ಪುತ್ತದೆ ಎಂದು ಮಾವ ವಾಚನ್ನು ಇಂಡಿಯಾ ಸಮಯದಲ್ಲೇ ಇಟ್ಟಿದ್ದರು. ಬೇಸಿಗೆಯಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಇನ್ನೂ ಎರಡು ಕೂಡ ಹೊಡೆದಿರಲಿಲ್ಲ. ಪಾತ್ರೆ ಕಂಕುಳಲ್ಲಿಟ್ಟು ನಾನು ಓಡಿದೆ. "ಅಪ್ಪಾ, ಅದು ಇಂಡಿಯಾ ಟೈಮು!" ಎಂದು ಕೂಗುತ್ತಾ ಇವರು ಓಡಿದರು. ಸಂಜೆ ತಡವಾಗಿ ಓಡಿ ಬರುವವರನ್ನು ನೋಡಲು ಹಡಗಿನ ಜನ ಡೆಕ್ಕಿನ ಕಟಕಟೆಗೆ ಸೇರಿ ಚಪ್ಪಾಳೆ ತಟ್ಟುವುದು ಉಂಟು. ಮಧ್ಯಾಹ್ನ ಎರಡಕ್ಕೇ ಓಡಿ ಬಂದವರನ್ನು ಅವರು ಇದೇ ಮೊದಲು ನೋಡಿದ್ದಿರಬೇಕು. ಚಪ್ಪಾಳೆ ಮಾತ್ರ ಪೂರ್ತಿ ಸಿಕ್ಕಿತು.

ನಾವು ಹೋಗುವಷ್ಟರಲ್ಲಿ ಅತ್ತೆ ಸೆಕ್ಯೂರಿಟಿ ಹತ್ತಿರ ಬ್ಯಾಗಿನ ಮೇಲೆ ಕೂತು, "ಮೂವತ್ತೈದು ವರ್ಷ ಸರ್ಕಾರಿ ಕೆಲಸ ಮಾಡಿದ್ದೀರ, ಐದಕ್ಕೆ ಎದ್ದು ಓಡೋದು ಮಾತ್ರ ಬಿಟ್ಟಿಲ್ಲ" ಎಂದು ಮಾವನನ್ನು ತರಾಟೆಗೆ ತೆಗೆದುಕೊಂಡಿದ್ದರು. ಇನ್ನೂ ಮೂರೂವರೆ ಗಂಟೆ ಬಾಕಿ ಇತ್ತು. ವಾಪಸ್ ಹೋಗಲು ಯಾರಿಗೂ ಕಾಲಿರಲಿಲ್ಲ. ಪಾತ್ರೆ ಎಕ್ಸ್‌ರೇ ಮಿಷನ್ನಿನೊಳಗೆ ಹೋಯಿತು, ಬೆಲ್ಟ್ ನಿಂತಿತು.

ಮಿಷನ್ ಹಿಂದಿದ್ದ ಹುಡುಗ ಪಾತ್ರೆ ಹೊರಗೆ ತೆಗೆದು ತಿರುಗಿಸಿ ನೋಡಿದ. "ಎಂತ ಸರ್ ಇದು, ಫಿಲ್ಟರಾ?"

ಮೂಡುಬಿದಿರೆ ಕಡೆಯವನಂತೆ. ಅತ್ತೆಯ ಬೈಗುಳ ಕೇಳಿಯೇ ಅವನಿಗೆ ಗೊತ್ತಾಗಿತ್ತು. ಆಮೇಲೆ ಅತ್ತೆಯ ತಲೆ ನೋಡಿದ. "ಅಮ್ಮಾ, ಗಿಡ, ಸೊಪ್ಪು ಒಳಗೆ ತರುವ ಹಾಗಿಲ್ಲ. ಮುಡಿದದ್ದಕ್ಕೆ ಎಂತ ರೂಲ್ಸ್ ಅಂತ ನನಗೂ ಗೊತ್ತಿಲ್ಲ, ನೀವು ಹೋಗಿ."

"ಅದಿರಲಿ, ಈ ಫಿಲ್ಟರ್ ತಗೊಂಡು ಹೋಗಿ ಇವರು ಎಲ್ಲಿ ಕಾಫಿ ಮಾಡ್ತಾರಂತೆ ಕೇಳಪ್ಪ. ರೂಮಲ್ಲಿ ಒಲೆ ಇದ್ಯಾ?"

ಮಾವ ಸ್ವಲ್ಪ ಯೋಚಿಸಿದರು. "ನಾಳೆ ಇನ್ನೊಂದು ಊರು ಬರುತ್ತಲ್ಲ. ಅಲ್ಲಿ ಒಂದು ಸಣ್ಣ ಸ್ಟವ್..."

"ಸ್ಟವ್ ತರಬೇಡಿ ಸರ್!" ಹುಡುಗ ಎದ್ದೇ ನಿಂತ. "ಅದು ತಂದ್ರೆ ನಾನೇ ಹಿಡಿದು ಇಟ್ಟುಕೊಳ್ಬೇಕಾಗ್ತದೆ. ನಿಮ್ಮ ಹತ್ರ ಪುಡಿ ಇದ್ರೆ ಹೇಳಿ, ನಮ್ಮ ಮೆಸ್ಸಲ್ಲಿ ಕೇಳಿ ನೋಡುವ."

ಅತ್ತೆ ಆಗಲೇ ಕೂತಿದ್ದ ಬ್ಯಾಗಿನಿಂದ ಎದ್ದು ಜಿಪ್ ಎಳೆಯುತ್ತಿದ್ದರು. "ಚಿಕೋರಿ ಹಾಕಿದ್ದೋ, ಹಾಕದೆ ಇದ್ದಿದ್ದೋ?"