ಹಮ್ಮಾಮಿನ ಬೂದಿಯಲ್ಲಿ ಬೆಂದದ್ದು

ಮೊರಾಕೊಗೆ ಹೋದವರೆಲ್ಲ ತಾಜಿನ್ ತಿಂದು ಬರುತ್ತಾರೆ, ಮಣ್ಣಿನ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಿಸುವ ಪದಾರ್ಥ. ಮಡಕೆಗೆ ಟೋಪಿ ಹಾಕಿದ ಹಾಗೆ ಮುಚ್ಚಳ, ಫೋಟೊಗೆ ಚೆನ್ನಾಗಿರುತ್ತೆ. ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಮರ್ರಾಕೇಶ್‌ಗೆ ಹೋದರೆ ನನ್ನ ಓಟು ತಂಜಿಯಾಗೆ.

ತಂಜಿಯಾ ಅಂದರೆ ಎರಡು ಕಿವಿಯ, ಉದ್ದ ಕುತ್ತಿಗೆಯ ಮಣ್ಣಿನ ಪಾತ್ರೆ. ಅದರಲ್ಲಿ ಬೆಂದದ್ದಕ್ಕೂ ಅದೇ ಹೆಸರು. ಇದು ಗಂಡಸರ ಅಡುಗೆ, ಅದರಲ್ಲೂ ಮದುವೆಯಾಗದವರದ್ದು ಅಂತ ಊರಲ್ಲಿ ಮಾತು. ಯಾಕೆ ಅಂತ ಮಾಡುವ ರೀತಿ ನೋಡಿದರೆ ಗೊತ್ತಾಗುತ್ತದೆ. ಪಾತ್ರೆಗೆ ದನದ ಇಲ್ಲವೇ ಕುರಿಯ ಮಾಂಸ ತುಂಬುವುದು. ಜೊತೆಗೆ ಬೆಳ್ಳುಳ್ಳಿ, ಜೀರಿಗೆ, ಕೇಸರಿ, ಉಪ್ಪಲ್ಲಿ ನೆನೆಹಾಕಿದ ನಿಂಬೆ, ಸ್ಮೆನ್ ಅನ್ನುವ ಹುದುಗಿದ ಬೆಣ್ಣೆ ಒಂದಿಷ್ಟು. ಬಾಯಿಗೆ ಕಾಗದ ಮುಚ್ಚಿ ದಾರ ಬಿಗಿದರೆ ಮುಗೀತು. ಸೌಟಾಡಿಸುವ ಕೆಲಸವೇ ಇಲ್ಲ. ಎಷ್ಟೋ ಸಲ ಈ ತುಂಬಿಸುವ ಕೆಲಸವನ್ನೂ ಮಾಂಸದಂಗಡಿಯವನೇ ಮಾಡಿಕೊಡುತ್ತಾನೆ. ಸೋಮಾರಿತನವನ್ನು ಇಷ್ಟು ರುಚಿಯಾಗಿಸಿದವರು ಕಡಿಮೆ!

ಆಮೇಲೆ ಅದನ್ನು ಹಮ್ಮಾಮಿನ ಒಲೆಗೆ ಒಯ್ಯುತ್ತಾರೆ. ಹಮ್ಮಾಮು ಅಂದರೆ ಕೇರಿಯ ಸ್ನಾನದ ಮನೆ. ನೀರು ಕಾಯಿಸುವ ಒಲೆಯ ಬಿಸಿ ಬೂದಿಯಲ್ಲಿ ಪಾತ್ರೆ ಗಂಟೆಗಟ್ಟಲೆ ಕೂತಿರುತ್ತದೆ. ಒಲೆ ನೋಡಿಕೊಳ್ಳುವವನಿಗೆ ನಾಲ್ಕು ಕಾಸು ಕೊಟ್ಟು ಹೊರಟರೆ ಸಂಜೆ ಬಂದರೆ ಸಾಕು. ನಮ್ಮ ಅಜ್ಜಿ ಮನೆಯ ಬಚ್ಚಲ ಒಲೆ ನೆನಪಾಗದೇ ಇರುತ್ತದಾ? ಹಂಡೆ ಕೆಳಗಿನ ಬೂದಿಯಲ್ಲಿ ಗೆಣಸು ಹೂತಿಟ್ಟು, ಸ್ನಾನಕ್ಕಿಂತ ಅದಕ್ಕೇ ಕಾಯುತ್ತಿದ್ದೆವು.

ರೊಟ್ಟಿಯೂ ಹೀಗೇ, ಊರಿನ ಒಲೆ ನಂಬಿದ ಸರಕು. ಹಳೇ ಊರಿನ ಓಣಿಗಳಲ್ಲಿ ಫೆರ್ರಾನ್ ಅನ್ನುವ ಸಾಮೂಹಿಕ ಒಲೆ ಇನ್ನೂ ಇದೆ. ಮನೆಯಲ್ಲಿ ನಾದಿದ ಹಿಟ್ಟನ್ನು ಹಲಗೆ ಮೇಲಿಟ್ಟು ಮಕ್ಕಳ ಕೈಲಿ ಕಳಿಸುತ್ತಾರೆ. ಯಾವ ರೊಟ್ಟಿ ಯಾರ ಮನೆಯದ್ದು ಅಂತ ಒಲೆಯವನಿಗೆ ಗೊತ್ತು.

ಶುಕ್ರವಾರ ಮಾತ್ರ ಮಧ್ಯಾಹ್ನದ ಪ್ರಾರ್ಥನೆಯ ನಂತರ ಮನೆಮನೆಯಲ್ಲೂ ಕುಸ್‌ಕುಸ್, ಅಂದರೆ ಹಬೆಯಲ್ಲಿ ಬೇಯಿಸಿದ ರವೆಯ ಸಣ್ಣ ಕಾಳು, ಸಾರು-ತರಕಾರಿ ಜೊತೆಗೆ. 2020ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು, ಮೊರಾಕೊ ಒಂದಕ್ಕೇ ಅಲ್ಲ, ಅಲ್ಜೀರಿಯಾ, ಟ್ಯುನಿಸಿಯಾ, ಮಾರಿಟೇನಿಯಾಕ್ಕೂ ಸೇರಿ. ಸಸ್ಯಾಹಾರಿಗಳೇ, ಮೇಲೆ ಬರೀ ತರಕಾರಿ ಕಂಡಿತು ಅಂತ ನಂಬಬೇಡಿ, ಕೆಳಗಿನ ಸಾರು ಮಾಂಸದ್ದೇ ಇರಬಹುದು. ಕೇಳಿ ತಿನ್ನಿ. ಇಲ್ಲವೇ ಬದನೆ-ಟೊಮೆಟೊದ ಝಾಲೂಕ್ ಹಿಡಿಯಿರಿ, ನಮ್ಮ ಬದನೆಕಾಯಿ ಗೊಜ್ಜಿನ ದೂರದ ನೆಂಟ.

ತಂಜಿಯಾ ಬಂದಾಗ ಮಾತ್ರ ಚಮಚ ಹುಡುಕಬೇಡಿ. ಬಲಗೈಯಲ್ಲಿ ರೊಟ್ಟಿ ಮುರಿದು, ನಿಮ್ಮ ಮುಂದಿನ ಭಾಗವನ್ನಷ್ಟೇ ತೆಗೆದುಕೊಳ್ಳಿ. ಮುಟ್ಟಿದರೆ ಮಾಂಸ ಮೂಳೆ ಬಿಟ್ಟು ಬರುತ್ತದೆ. ಅಷ್ಟು ಹೊತ್ತು ಗೋಡೆಯಾಚೆ ಯಾರೋ ಮೈ ತಿಕ್ಕಿಸಿಕೊಳ್ಳುತ್ತಾ ಕೂತಿದ್ದರು, ಅವರ ಬಿಸಿನೀರಿಗೂ ನಿಮ್ಮ ಊಟಕ್ಕೂ ಒಂದೇ ಬೆಂಕಿ.